ನೀನು ಹೇಳು ನೋಡೋಣ

ಪ್ರೀತಿಯ ಅಕ್ಕನಿಗೆ,

ನಿನ್ನ ಇಲಿಮೂತಿಯ ನಮಸ್ಕಾರ. ಫೋನ್ ಮಾಡುವುದು ಬಿಟ್ಟು ಕಾಗದ ಬರೆದಿದ್ದಾಳೆ ಎಂದರೆ ಏನೋ ಎಡವಟ್ಟು ಮಾಡಿಕೊಂಡಿದ್ದಾಳೆ ಎಂದು ಲಕೋಟೆ ನೋಡಿದ ಕೂಡಲೇ ನಿನಗೆ ಗೊತ್ತಾಗಿರುತ್ತದೆ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನಾನು ಅತ್ತುಬಿಡುತ್ತೇನೆ, ನೀನು ಬೈಯುತ್ತೀಯ, ಹೇಳಬೇಕಾದದ್ದು ಗಂಟಲಲ್ಲೇ ಉಳಿದುಬಿಡುತ್ತದೆ. ಅದಕ್ಕೇ ಊಟದ ಮೇಜಿನ ಮುಂದೆ ಪೆನ್ನು ಹಿಡಿದು ಕೂತಿದ್ದೇನೆ. ಲಕೋಟೆಯಲ್ಲಿ ಬಟ್ಟೆಯ ಸಣ್ಣ ಪೊಟ್ಟಣವೊಂದಿದೆ. ಅದನ್ನು ಈಗಲೇ ಬಿಚ್ಚಬೇಡ. ಕಾಗದ ಪೂರ್ತಿ ಓದು.

ಅಕ್ಕ, ನನಗೆ ವಾಸನೆ ಬರುತ್ತಿಲ್ಲ.

ನೆಗಡಿ ಇರಬೇಕು ಎನ್ನುತ್ತೀಯ. ನೆಗಡಿ ಇಲ್ಲ, ಜ್ವರ ಇಲ್ಲ, ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದೂ ಇಲ್ಲ. ನಾಲ್ಕು ತಿಂಗಳಿಂದ ಸ್ವಲ್ಪ ಸ್ವಲ್ಪವಾಗಿ ಹೋಗುತ್ತಿದೆ. ಮೊದಲು ಲವಂಗ ಹೋಯಿತು. ಆಮೇಲೆ ಒಂದು ಬೆಳಿಗ್ಗೆ ಕಾಫಿಪುಡಿಯ ಡಬ್ಬಿ ತೆರೆದರೆ ಒಳಗೆ ಕಂದು ಮಣ್ಣು ಇದ್ದಂತೆ ಇತ್ತು. ಹೊಸ ಡಬ್ಬಿ ತಂದೆ. ಅದೂ ಮಣ್ಣೇ. ಅಂಗಡಿಯವನಿಗೆ ಬೈದು ಬಂದೆ, ಪಾಪ.

ಇದು ಬೇರೆ ಯಾರಿಗಾದರೂ ಆಗಿದ್ದರೆ ಬರೀ ಬೇಜಾರಿನ ಸಂಗತಿ. ಬಿಯರ್ ಮೂಸಿ ರುಚಿ ಹೇಳುವುದರಲ್ಲೇ ನನ್ನ ಅನ್ನವಿದೆ, ನಿನಗೆ ಗೊತ್ತು. ಆದರೆ ಕೆಲಸ ಹೋಗುತ್ತದೆ ಎಂಬ ಭಯ ಸಣ್ಣದು. ದೊಡ್ಡ ಭಯ ಯಾವುದು ಎಂದು ನೀನು ಈಗಾಗಲೇ ಊಹಿಸಿ ಕುರ್ಚಿಯ ತುದಿಗೆ ಬಂದು ಕೂತಿರಬೇಕು. ಹೌದು, ಅದೇ. ಅಪ್ಪನಿಗೂ ಹೀಗೇ ಶುರುವಾಗಿತ್ತು.

ಆಸ್ಪತ್ರೆಯಿಂದ ಬಂದು ನೀನೇ ಹೇಳಿದ್ದೆ. ಅಪ್ಪನ ಬಲಗೈ ನಡುಗಲು ಶುರುವಾಗಿ ಆರು ತಿಂಗಳಾಗಿತ್ತು. ಡಾಕ್ಟರು ಕಾಯಿಲೆಯ ಹೆಸರು ಹೇಳಿ, ಇವರಿಗೆ ವಾಸನೆ ಬರೋದು ಯಾವಾಗ ನಿಂತಿತು ಎಂದು ಕೇಳಿದರಂತೆ. "ಈ ಕಾಯಿಲೇಲಿ ಎಷ್ಟೋ ಜನಕ್ಕೆ ಮೊದಲು ಹೋಗೋದು ಅದೇ ಕಣಮ್ಮ. ಕೈ ನಡುಗೋಕೆ ವರ್ಷಗಟ್ಟಲೆ ಮುಂಚೆ." ನೀನು ನಕ್ಕುಬಿಟ್ಟಿದ್ದೆಯಂತೆ. ಬಿಯರ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ರುಚಿ ನೋಡುವ ಕೆಲಸ ಮಾಡಿದವರಿಗೆ ವಾಸನೆ ಬರುವುದಿಲ್ಲವೇ ಎಂದು. ಅಪ್ಪ ಮಾತ್ರ ಗೋಡೆ ನೋಡುತ್ತಾ ಕೂತಿದ್ದರು ಎಂದಿದ್ದೆ ನೀನು.

ಆ ಮೂಗಿನ ದೆಸೆಯಿಂದ ನಮ್ಮ ಮನೆಯಲ್ಲಿ ಏನೆಲ್ಲ ಕಟ್ಟುಪಾಡು! ಪರಿಮಳದ ಸೋಪಿಲ್ಲ, ಪೌಡರಿಲ್ಲ, ಬೆಳಿಗ್ಗೆ ಈರುಳ್ಳಿ ಹುರಿಯುವ ಹಾಗಿಲ್ಲ. ನೀನು ಹಲ್ಲು ಕಡಿಯುತ್ತಾ ಬೆಳೆದೆ. ಮದುವೆಯ ದಿನ ಸೇಡು ತೀರಿಸಿಕೊಳ್ಳಲೆಂದೇ ಅರ್ಧ ಬಾಟಲಿ ಸೆಂಟು ಸುರಿದುಕೊಂಡು ಅಪ್ಪನ ಮುಂದೆ ಹೋಗಿ ನಿಂತೆ. ನನಗೆ ಮೂರು ಕೋಣೆ ಆಚೆಯಿಂದಲೇ ಸೀನು ಬಂತು. ಅಪ್ಪ ನಿನ್ನ ತಲೆ ಸವರಿ, "ಎಷ್ಟು ಲಕ್ಷಣವಾಗಿದೀಯ ಮಗಳೇ" ಎಂದರು, ಅಷ್ಟೇ. ಸೆಂಟಿನ ಮಾತೇ ಇಲ್ಲ. ಅಪ್ಪ ಕೊನೆಗೂ ಸೋತರು ಎಂದು ನೀನು ಅತ್ತೆ. ಮಗಳ ಮೇಲಿನ ಪ್ರೀತಿ ಎಂದುಕೊಂಡು ನಾನೂ ಅತ್ತೆ. ಪ್ರೀತಿ ಇರಲಿಲ್ಲ ಎನ್ನುತ್ತಿಲ್ಲ. ಆದರೆ ಅಂದು ಅಪ್ಪನ ಮೂಗಿಗೆ ಏನೂ ಬಡಿದೇ ಇರಲಿಲ್ಲ, ಅಕ್ಕ.

ಈಗ ಮೊನ್ನೆಯ ವಿಷಯ ಹೇಳುತ್ತೇನೆ. ಹಣ್ಣು ಹಾಕಿದ ಗೋಧಿ ಬಿಯರುಗಳ ಸ್ಪರ್ಧೆ. ನನ್ನ ಮೇಜಿನಲ್ಲಿ ನಾವು ಮೂವರು. ಎಡಕ್ಕೆ ಹಲ್ಲಿನ ಡಾಕ್ಟರಮ್ಮ, ತೀರ್ಪುಗಾರರ ಪರೀಕ್ಷೆ ಪಾಸಾಗಿ ಇದೇ ಮೊದಲ ಸಲ ಕೂತವರು. ಬಲಕ್ಕೆ ದೊಡ್ಡ ಮೀಸೆಯ ಒಬ್ಬರು, ಬಿಯರ್ ತಯಾರಿಸುವುದೇ ಕಸುಬು. ನಡುವೆ ನಾನು, ಹಿರಿಯಳು. ನಮ್ಮಲ್ಲೊಂದು ಪದ್ಧತಿ ಇದೆ. ಗ್ಲಾಸು ಬಂದ ಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ. ಮೂಸಿ, ಕುಡಿದು, ಪೆನ್ಸಿಲಿನಲ್ಲಿ ಬರೆಯಬೇಕು. ಆಮೇಲೆ ಮಾತು. ಹೊಸಬರು ಮೊದಲು, ಹಿರಿಯರು ಕೊನೆಗೆ. ಹಿರಿಯರ ಮಾತು ಕೇಳಿ ಹೊಸಬರು ಬದಲಾಯಿಸಬಾರದು ಎಂದು ಮಾಡಿದ ನಿಯಮ.

ಆ ನಿಯಮದ ಮರೆಯಲ್ಲಿ ನಾನು ನಾಲ್ಕು ತಿಂಗಳು ಬದುಕಿದ್ದೇನೆ. ಬಣ್ಣ, ನೊರೆ ಕಣ್ಣಿಗೆ ಕಾಣುತ್ತವೆ. ಹುಳಿ, ಸಿಹಿ, ಕಹಿ ನಾಲಿಗೆಗೆ ತಿಳಿಯುತ್ತವೆ. ಅಷ್ಟು ಬರೆದು ಪರಿಮಳದ ಸಾಲು ಖಾಲಿ ಬಿಡುತ್ತೇನೆ. ಉಳಿದಿಬ್ಬರು ರಾಸ್ಪ್‌ಬೆರಿ ಎಂದರೆ ರಾಸ್ಪ್‌ಬೆರಿ, ಚೆರ್ರಿ ಎಂದರೆ ಚೆರ್ರಿ, ತಲೆ ಆಡಿಸುತ್ತಾ ತುಂಬುತ್ತೇನೆ. ಗೋಧಿ ಬಿಯರಿಗೆ ಬಾಳೆಹಣ್ಣು ಹಾಕದಿದ್ದರೂ ಹುದುಗಿನಿಂದಲೇ ಬಾಳೆಹಣ್ಣಿನ ಪರಿಮಳ ಬರುತ್ತದೆ, ಅದನ್ನು ಮಾತ್ರ ಯಾರನ್ನೂ ಕೇಳದೆ ಅಂದಾಜಿನ ಮೇಲೆ ಬರೆಯುತ್ತೇನೆ. ಕಳ್ಳತನಕ್ಕೂ ಅನುಭವ ಬೇಕು ನೋಡು.

ಏಳನೇ ಗ್ಲಾಸು ಏಪ್ರಿಕಾಟಿನದು. ಡಾಕ್ಟರಮ್ಮ ಅಳುಕುತ್ತಾ, "ಹಣ್ಣಿನ ಪರಿಮಳ ತುಂಬಾ ಚೆನ್ನಾಗಿದೆ, ಇವತ್ತು ಬಂದಿದ್ರಲ್ಲಿ ಇದೇ ನಂಗೆ ಹಿಡಿಸ್ತು" ಎಂದರು. ಮೀಸೆಯವರು ಗ್ಲಾಸನ್ನು ದೂರ ತಳ್ಳಿ, "ಎಲ್ಲಿ ಚೆನ್ನಾಗಿದೆ? ಸೋಪಿನ ವಾಸನೆ ಹೊಡೀತಿದೆ" ಎಂದರು. ಒಂದೇ ಬಾಟಲಿ, ಎರಡು ಮಾತು. ಇಬ್ಬರೂ ನನ್ನ ಕಡೆ ತಿರುಗಿದರು. ನಕಲು ಮಾಡಲು ಯಾರೂ ಉಳಿದಿರಲಿಲ್ಲ.

ಗ್ಲಾಸು ಎತ್ತಿದೆ. ಅಂಗೈಯಿಂದ ಅದರ ಬಾಯಿ ಮುಚ್ಚಿ ಅಲುಗಾಡಿಸಿ ಮೂಗು ಒಳಗಿಟ್ಟೆ. ತಣ್ಣಗಿತ್ತು. ಗುಳ್ಳೆಗಳು ಚುಚ್ಚಿದವು. ಬೇರೇನೂ ಇಲ್ಲ. ಕೈ ನಡುಗಿದರೆ ಎಂದು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಆಗ ನನ್ನ ಬಾಯಿಂದ ಒಂದು ಮಾತು ಬಂತು. ತಲೆಯನ್ನು ಒಂದು ಕಡೆಗೆ ವಾಲಿಸಿ, ಸಣ್ಣಗೆ ನಗುತ್ತಾ, ಡಾಕ್ಟರಮ್ಮನಿಗೆ ಹೇಳಿದೆ: "ಇನ್ನೊಂದ್ಸಲ ಮೂಸಿ. ನೀವು ಹೇಳಿ ನೋಡೋಣ."

ಅಕ್ಕ, ಅದು ಅಪ್ಪನ ದನಿ. ಅಪ್ಪನ ವಾಲಿದ ತಲೆ. ಅಪ್ಪನ ನಗೆ.

ನೆನಪಿದೆಯಾ? ನಿನ್ನ ಮದುವೆಯಾದ ಮೇಲೆ ಅಪ್ಪ ಕಾರ್ಖಾನೆಯಿಂದ ದಿನಾ ಸಂಜೆ ಸಣ್ಣ ಸಣ್ಣ ಶೀಶೆಗಳನ್ನು ಮನೆಗೆ ತರುತ್ತಿದ್ದರು. ನನ್ನ ಮುಂದೆ ಸಾಲಾಗಿ ಇಟ್ಟು, "ಇದರಲ್ಲಿ ಏನಿದೆ? ನೀನು ಹೇಳು ನೋಡೋಣ" ಎನ್ನುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಸರಿಯೋ ತಪ್ಪೋ ಒಂದು ದಿನವೂ ಹೇಳಲಿಲ್ಲ. ನಾನು ಕೇಳಿದರೆ, "ನಿನ್ನ ಮೂಗನ್ನ ನೀನು ನಂಬು" ಎನ್ನುತ್ತಿದ್ದರು. ಎಂಥ ಗುರು ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಅವರು ಕಲಿಸುತ್ತಿರಲಿಲ್ಲ, ಅಕ್ಕ. ಕೇಳುತ್ತಿದ್ದರು. ಮೂರು ವರ್ಷ ಅಪ್ಪ ನನ್ನ ಮೂಗಿನಿಂದ ಕೆಲಸ ಮಾಡಿದರು. ಎದುರಿಗೇ ಕೂತಿದ್ದ ನನಗೆ ಅವರ ಭಯ ಒಂದು ದಿನವೂ ಕಾಣಲಿಲ್ಲ. ಮೊನ್ನೆ ಆ ಮಾತು ನನ್ನ ಬಾಯಲ್ಲೇ ಬಂದಾಗ ಗೊತ್ತಾಯಿತು, ಅದನ್ನು ಹೇಳುವಾಗ ಹೊಟ್ಟೆಯೊಳಗೆ ಹೇಗಿರುತ್ತದೆ ಎಂದು.

ಡಾಕ್ಟರಮ್ಮ ಹೆದರಿ ಮಾತು ತಿರುಗಿಸಿದರು. "ಹೌದೇನೋ ಮೇಡಂ, ಸ್ವಲ್ಪ ಸೋಪು ಇದ್ರೂ ಇರಬಹುದು." ನಾನು ಸೋಪು ಎಂದು ಬರೆದೆ. ಏಪ್ರಿಕಾಟ್ ಬಿಯರ್ ಸ್ಪರ್ಧೆಯಿಂದ ಹೊರಬಿತ್ತು. ಎಂಟನೆಯದು ಬಂದಾಗ ಮೀಸೆಯವರು ಏಳನೆಯದನ್ನು ಸುರಿದಿದ್ದ ತಮ್ಮ ಖಾಲಿ ಗ್ಲಾಸನ್ನೇ ಮೂಸಿ, "ಥತ್, ಸರಿಯಾಗಿ ತೊಳೆದೇ ಇಲ್ಲ, ಇದರಲ್ಲೇ ಸೋಪಿದೆ" ಎಂದು ಗೊಣಗಿ ಬೇರೆ ಗ್ಲಾಸು ತರಿಸಿಕೊಂಡರು. ಹಾಗಾದರೆ ಏಳನೆಯದನ್ನು ಮತ್ತೆ ನೋಡಬೇಕು ಎಂದು ಹೇಳಬೇಕಾದವಳು ನಾನು. ಡಾಕ್ಟರಮ್ಮ ನನ್ನ ಮುಖವನ್ನೇ ನೋಡಿದರು. ನಾನು ಪೆನ್ಸಿಲು ಚೂಪು ಮಾಡುತ್ತಾ ಕೂತೆ. ಮತ್ತೆ ನೋಡಿದರೆ ಮತ್ತೆ ನನ್ನನ್ನೇ ಕೇಳುತ್ತಾರಲ್ಲ.

ಆ ಬಿಯರ್ ಮಾಡಿದವರು ಯಾರೋ ಗೊತ್ತಿಲ್ಲ. ಹಣ್ಣು ಆರಿಸಿ, ಬೀಜ ತೆಗೆದು, ವಾರಗಟ್ಟಲೆ ಕಾದವರು. ಅವರಿಗೆ ಹೋಗುವ ಕಾಗದದಲ್ಲಿ "ಸೋಪಿನ ವಾಸನೆ" ಎಂದಿರುತ್ತದೆ, ಕೆಳಗೆ ನನ್ನ ಸಹಿ. ಅಪ್ಪ ಎಂದೂ ಇಷ್ಟು ಕೆಟ್ಟದ್ದು ಮಾಡಿರಲಿಕ್ಕಿಲ್ಲ. ಅವರ ಹತ್ತಿರ ಕೊನೆಯ ಪಕ್ಷ ನಾನಿದ್ದೆ.

ಕೊನೆಯ ಸುತ್ತು ಶನಿವಾರ. ಸ್ಪರ್ಧೆ ನಡೆಸುವವರಿಗೆ ಎಲ್ಲವನ್ನೂ ಬರೆದು ಇವತ್ತು ಬೆಳಿಗ್ಗೆ ನಾನೇ ಹೋಗಿ ಕೊಟ್ಟುಬಂದೆ. ಏಳನೆಯದನ್ನು ಬೇರೆಯವರ ಮುಂದೆ ಇಡಿ, ನನ್ನನ್ನು ಇನ್ನು ಕರೆಯಬೇಡಿ ಎಂದು. ಬಾಗಿಲ ಹೊರಗೆ ಬಂದ ಮೇಲೆ ಕಾಲು ನಡುಗುತ್ತಿತ್ತು. ಹೆದರಿಕೆಗೆ ನಡುಗಿತೋ ಬೇರೆ ಕಾರಣಕ್ಕೋ ಎಂದು ಅಲ್ಲೇ ಮೆಟ್ಟಿಲ ಮೇಲೆ ಕೂತು ಕಾಲನ್ನೇ ನೋಡಿದೆ. ಈಗ ನನ್ನ ದಿನಗಳೆಲ್ಲ ಹೀಗೇ. ಚಮಚ ಕೈಜಾರಿದರೆ, ಅಪ್ಪನಿಗೆ ಆಗಿದ್ದ ಹಾಗೆ ಅಕ್ಷರ ಸಣ್ಣದಾದರೆ ಎದೆ ಧಸಕ್ಕೆನ್ನುತ್ತದೆ. ಈ ಕಾಗದದ ಕೊನೆಯ ಸಾಲುಗಳಲ್ಲಿ ನನ್ನ ಅಕ್ಷರ ಸಣ್ಣದಾಗುತ್ತಿದ್ದರೆ ಹೇಳಬೇಡ. ಇಲ್ಲ, ಹೇಳು.

ಮಂಗಳವಾರ ಹನ್ನೊಂದು ಗಂಟೆಗೆ ಡಾಕ್ಟರರ ಹತ್ತಿರ ಹೋಗಬೇಕು. ಅಪ್ಪನನ್ನು ನೀನು ಕರೆದುಕೊಂಡು ಹೋಗಿದ್ದೆ. ನನ್ನ ಜೊತೆಗೂ ಬಾ. ಸೆಂಟು ಹಾಕಿಕೊಂಡೇ ಬಾ, ಇನ್ನು ಯಾರ ಅಡ್ಡಿಯೂ ಇಲ್ಲ.

ಚಿಕ್ಕವಳು ದೊಡ್ಡವಳನ್ನು ಹರಸಬಾರದು, ಆದರೂ ಹರಸುತ್ತೇನೆ. ನಿನ್ನ ಮನೆಯ ಎಲ್ಲ ವಾಸನೆಯೂ ನಿನಗೆ ಕೊನೆಯವರೆಗೂ ಸಿಗುತ್ತಿರಲಿ, ಭಾವನ ಬೆವರಿನ ಸಾಕ್ಸು ಸೇರಿ.

ಈಗ ಆ ಪೊಟ್ಟಣ. ಒಳಗಿರುವುದು ಒಂದು ಹಣ್ಣಿನ ಸಿಪ್ಪೆ, ಬೆಳಿಗ್ಗೆ ನಾನೇ ಜಜ್ಜಿ ಸುತ್ತಿದ್ದು. ಯಾವ ಹಣ್ಣು ಎಂದು ಬರೆಯುವುದಿಲ್ಲ. ನೀನು ಕಣ್ಣು ಮುಚ್ಚಿಕೊಂಡು ಕೂತು ಭಾವನ ಕೈಯಲ್ಲಿ ಬಿಚ್ಚಿಸು. ಅಪ್ಪ ನಿನಗೂ ಅಪ್ಪನೇ ಅಲ್ಲವಾ, ನನಗೆ ಬಂದದ್ದು ನಿನಗೂ ಬರಬಹುದು ಎಂದು ಬರೆಯಲಾಗದೆ ಇಷ್ಟು ಪುಟ ಸುತ್ತಿ ಬಂದೆ. ನನಗೆ ಸಮಾಧಾನವಾಗಲಿ ಎಂದು ಸುಳ್ಳು ಹೇಳಬೇಡ, ನಮ್ಮ ಮನೆಯಲ್ಲಿ ಅದು ಸಾಕಷ್ಟಾಗಿದೆ. ಮೂಸು, ಅಕ್ಕ. ನೀನು ಹೇಳು ನೋಡೋಣ.

ನಿನ್ನ ದಾರಿ ಕಾಯುತ್ತಿರುವ,
ಇಲಿಮೂತಿ