ಅಪ್ಪನಿಗೆ ಎರಡು ಎಡೆ

ಅಣ್ಣಾ,

ಇವತ್ತು ಬಾಶೆಟ್ಟಿಹಳ್ಳಿ ಫ್ಯಾಕ್ಟರಿಲಿ ನನ್ನ ಲೈನಿನ ಇಬ್ಬರು ಆಪರೇಟರ್‌ಗಳು ಫ್ಯಾನ್ ಯಾರ ಕಡೆ ತಿರುಗಬೇಕು ಅಂತ ಕಿತ್ತಾಡಿದ್ರು. ಆಫೀಸಿನ ಯಶಸ್ವಿನಿ ರಿಪೋರ್ಟಲ್ಲಿ ಇಂಗ್ಲಿಷಲ್ಲಿ ‘ಟಿಫ್’ ಅಂತ ಬರೆದಳು. ಹಂಗಂದ್ರೇನಮ್ಮಾ ಅಂದೆ.

“ಸಣ್ಣ ಜಗಳ ಸರ್. ಬೇಕಾದವರ ಮಧ್ಯೆ ಆಗೋದು. ಹೊಡೆದಾಟಕ್ಕೆ ಹಂಗನ್ನಲ್ಲ. ಸಂಜೆಗೆ ಸರಿಹೋಗುತ್ತೆ.”

ಸಂಜೆ ಇಬ್ಬರೂ ಒಂದೇ ಬೈಕಲ್ಲಿ ಹೋದರು.

ನಮ್ಮದೂ ಅಷ್ಟೇ ಇತ್ತಲ್ಲ. ನಾನು ಹೊಸ ಮನೆ ಕಟ್ಟಿದ ವರ್ಷ, ಹಿರಿಯರ ಹಬ್ಬಕ್ಕೆ ಅಪ್ಪನ ಎಡೆ ಯಾರ ಮನೇಲಿ ಇಡೋದು ಅಂತ. ನಾನು ಮಾತು ಬಿಟ್ಟು ಬೇರೆ ಎಡೆ ಇಟ್ಟೆ. ನಾಲ್ಕು ವರ್ಷ ಅಪ್ಪ ಎರಡೂ ಮನೇಲಿ ಉಂಡ. ಪ್ರತಿ ವರ್ಷ ನೀನು ಗೇಟಿನಾಚೆ ನಿಂತು, “ಬಾರೋ ದೇವೇಂದ್ರ, ಎಡೆ ಇಡ್ತಾ ಇದೀವಿ” ಅಂತ ಕರೀತಿದ್ದೆ. ನಾನು ಟಿವಿ ಸೌಂಡ್ ಜಾಸ್ತಿ ಮಾಡ್ತಿದ್ದೆ.

ನಾಲ್ಕು ವರ್ಷ ಎಳೆದರೆ ಅದಕ್ಕೇನಂತಾರೆ ಅಂತ ಆ ಹುಡುಗೀನ ಕೇಳೋಕೆ ಬಾಯಿ ಬರಲಿಲ್ಲ.

ಮನೆಗೆ ಬಂದ್ರೆ ಅತ್ತಿಗೆ ಫೋನು. ನೀನು ಹೋದ ಮೇಲೆ ಇದೇ ಮೊದಲನೇ ಹಬ್ಬ. ಅಪ್ಪನ ಪಕ್ಕ ನಿನ್ನ ಫೋಟೋ ಇಡ್ತಾರಂತೆ, ನಿನ್ನ ಮನೇಲೇ. ಒಂದೇ ಸಲ ಕರೆದ್ರು ಅಣ್ಣಾ. ಬರ್ತೀನಿ ಅಂದ್ಬಿಟ್ಟೆ.