ಸರ್ ಹ್ಞೂಂ ಅಂದ ಮೇಲೆ

6 ಜನವರಿ 2025, ಸೋಮವಾರ

ಬೆಳಿಗ್ಗೆ ಎರಡು ಹರ್ನಿಯಾ, ಒಂದು ಅಪೆಂಡಿಕ್ಸ್. ಊಟದ ಡಬ್ಬಿ ತೆರೆಯುವಷ್ಟರಲ್ಲಿ ಮ್ಯಾನೇಜ್‌ಮೆಂಟಿನಿಂದ ಕರೆ. ಹೊಸ ಹುಚ್ಚು ಹಿಡಿದಿದೆ ಇವರಿಗೆ. ಸರ್ಜರಿ ಕಲಿಯುವವರನ್ನು ಇನ್ನು ಮೇಲೆ ಕಂಪ್ಯೂಟರ್ ಗೇಮ್ ಆಡಿಸಿ ಅಳೆಯಬೇಕಂತೆ! ಪರದೆಯ ಮೇಲೆ ರೋಗಿ ಬರುತ್ತಾನೆ, ನರಳುತ್ತಾನೆ, ಗಡಿಯಾರ ಓಡುತ್ತದೆ. ಸ್ಕ್ಯಾನ್ ಮಾಡುತ್ತೀಯಾ, ರಕ್ತ ಕೊಡುತ್ತೀಯಾ, ಕಾಯುತ್ತೀಯಾ, ಹೊಟ್ಟೆ ತೆರೆಯುತ್ತೀಯಾ — ಒತ್ತಬೇಕು. ನೂರಕ್ಕೆ ಅರವತ್ತಕ್ಕಿಂತ ಕಡಿಮೆ ಬಂದರೆ ಮತ್ತೊಂದು ಅವಕಾಶ. ಅದರಲ್ಲೂ ಹೋದರೆ ಆರು ತಿಂಗಳು ತರಬೇತಿ ಮುಂದಕ್ಕೆ.

ಇಪ್ಪತ್ತೆಂಟು ವರ್ಷದಿಂದ ಗಡಿಭಾಗದ ಈ ಉಮರ್ಗಾದಲ್ಲಿ ಹೊಟ್ಟೆ ಕೊಯ್ಯುತ್ತಿದ್ದೇನೆ. ನನ್ನನ್ನು ಯಾವ ಗೇಮ್ ಅಳೆದಿತ್ತು? ಡಬ್ಬಿ ಹಾಗೇ ವಾಪಸ್ ಬಂತು ಅಂತ ಮನೆಯಲ್ಲಿ ಬೇರೆ ಬೈಗುಳ.

8 ಜನವರಿ

ಗೇಮ್ ಬಂತು. ಇಂದು ಬರೀ ಅಭ್ಯಾಸ. ಸ್ವಪ್ನಾಲಿ ಮೊದಲು ಕೂತಳು. ದೇವಣಿಯ ಹುಡುಗಿ, ಕಾಳಿನ ವ್ಯಾಪಾರಿಗಳ ಮನೆ, ನನ್ನ ಕೈಕೆಳಗೆ ಮೂರನೇ ವರ್ಷ. ಇಂಥ ಕೈ ನಾನು ಹತ್ತು ವರ್ಷದಲ್ಲಿ ನೋಡಿಲ್ಲ. ಹಿಂದೆ ನಿಂತು ನೋಡಿದೆ. ಎಂಬತ್ತನಾಲ್ಕು! ಋಷಿಕೇಶ ಪುಣೆಯಿಂದ ಕಲಿಯಲು ಬಂದು ಆರು ತಿಂಗಳಾಯಿತು, ಹೊಲಿಗೆ ಇನ್ನೂ ಸೊಟ್ಟಗೇ ಬೀಳುತ್ತದೆ. ಅವನಿಗೆ ಅರವತ್ತಾರು.

ಪರವಾಗಿಲ್ಲ, ಈ ಡಬ್ಬಾಕ್ಕೂ ಒಂದಿಷ್ಟು ಬುದ್ಧಿ ಇದೆ ಅನ್ನಿಸಿತು.

16 ಜನವರಿ

ಬುದ್ಧಿಯೂ ಇಲ್ಲ, ಮಣ್ಣೂ ಇಲ್ಲ.

ನಿಜವಾದ ಪರೀಕ್ಷೆ. ಕಲಿಸುವವರು ಹೊರಗಿರಬೇಕು ಅಂತ ನಿಯಮ. ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಋಷಿಕೇಶ — ಎಪ್ಪತ್ತು. ಸ್ವಪ್ನಾಲಿ — ನಲವತ್ತೊಂದು. ಮೂರು ರೋಗಿಗಳಲ್ಲಿ ಇಬ್ಬರು ಸತ್ತರಂತೆ. ಆಕೆ ತಲೆ ತಗ್ಗಿಸಿ ವಾರ್ಡಿಗೆ ಹೋದಳು.

ಮ್ಯಾನೇಜ್‌ಮೆಂಟಿಗೆ ಎರಡು ಪುಟದ ಪತ್ರ ಬರೆದೆ. ಮಕ್ಕಳಾಟಿಕೆಯಿಂದ ಸರ್ಜನ್ ಹುಟ್ಟುವುದಿಲ್ಲ, ಯಂತ್ರ ಕೆಟ್ಟಿದೆ, ಆಟ ಬರೆದವನು ಜೀವಮಾನದಲ್ಲಿ ಆಪರೇಷನ್ ಥಿಯೇಟರಿನೊಳಗೆ ಕಾಲಿಟ್ಟಿಲ್ಲ... ಇನ್ನೂ ಏನೇನೋ. ನಾಳೆ ಕೊಡುತ್ತೇನೆ.

18 ಜನವರಿ

ನಿನ್ನೆ ಪತ್ರ ಕೊಟ್ಟೆ. ಉತ್ತರವಾಗಿ ಗೇಮಿನ ಲಾಗ್ ಕಳಿಸಿದರು. ಯಾವ ನಿಮಿಷಕ್ಕೆ ಸ್ವಪ್ನಾಲಿ ಏನು ಒತ್ತಿದಳು, ಎಲ್ಲ ಅದರಲ್ಲಿದೆ.

ಓದಿದೆ. ಎರಡು ಸಲ ಓದಿದೆ. ರೋಗ ಮೂರೂ ಸರಿ. ಸ್ಕ್ಯಾನ್ ಸರಿ, ರಕ್ತ ಸರಿ, ನಾಲ್ಕನೇ ನಿಮಿಷಕ್ಕೆ ಎಲ್ಲ ತಯಾರು. ಆಮೇಲೆ ‘ಸೀನಿಯರ್‌ಗೆ ಫೋನ್’. ಸೀನಿಯರ್ ಸಿಗುತ್ತಿಲ್ಲ ಎನ್ನುತ್ತದೆ ಗೇಮ್. ಮತ್ತೆ ಫೋನ್. ಮತ್ತೆ ಫೋನ್. ಹನ್ನೊಂದು ಸಲ. ಅಷ್ಟರಲ್ಲಿ ರಕ್ತ ಸೋರಿ ರೋಗಿ ಹೋದ. ಸತ್ತ ಇನ್ನೊಬ್ಬನದೂ ಇದೇ ಕಥೆ.

ಕರೆದು ಕೇಳಿದೆ. ಹೊಟ್ಟೆ ತೆರೆಯಬೇಕು ಅಂತ ಗೊತ್ತಿತ್ತಲ್ಲ, ಯಾಕೆ ಕೂತೆ?

“ನೀವ್ ಹ್ಞೂಂ ಅನ್ನಲಾರದ ಬ್ಲೇಡ್ ಹ್ಯಾಂಗ್ ತಗೋಲಿ ಸರ್? ಅಭ್ಯಾಸದಾಗ ನೀವ್ ಹಿಂದ ನಿಂತಿದ್ರಿ. ಹ್ಞೂಂ ಅಂತಿದ್ರಿ.”

ಅಂದಿಲ್ಲ ಎಂದೆ. ಅಂದಿದ್ದಿರಿ ಎಂದಳು. ಪಕ್ಕದಲ್ಲಿದ್ದ ನರ್ಸ್ ಅಂಬುಬಾಯಿ ನಗು ತಡೆಯಲು ಮುಖ ತಿರುಗಿಸಿದಳು.

ನಮ್ಮ ಓಟಿಯ ರೂಢಿ ಅದು. ರೋಗಿಯ ಕೊರಳಿನ ಲಿಂಗ ಬಿಚ್ಚಿ ಮನೆಯವರ ಕೈಗೆ ಕೊಡುತ್ತಾರೆ. ನಾನು ಕೈ ತೊಳೆದು ನಿಲ್ಲುತ್ತೇನೆ. ಹ್ಞೂಂ ಅನ್ನುತ್ತೇನೆ. ಆಮೇಲೆ ಬ್ಲೇಡ್. ನನ್ನ ಗುರುಗಳೂ ಹಾಗೇ ಮಾಡುತ್ತಿದ್ದರು. ಋಷಿಕೇಶನಿಗೆ ಈ ರೂಢಿ ಇನ್ನೂ ಅಂಟಿಲ್ಲ, ಪಾಸಾದ!

ಮನೆಗೆ ಬಂದು ಸುಮನಬಾಯಿಗೆ ಹೇಳಿದೆ. ಹೆಂಡತಿ ಅಲ್ಲವೇ, ನನ್ನ ಕಡೆ ಮಾತಾಡಿಯಾಳು ಅಂತ.

“ಇದರಾಗ ಹೊಸಾದೇನದರೀ? ನೀವ್ ಹ್ಞೂಂ ಅನ್ನಲಾರದ ಈ ಮನಿಯಾಗ ಚಾ ಸೈತ ಒಲಿ ಮ್ಯಾಲಿಂದ ಇಳಿಯಂಗಿಲ್ಲ.”

ಸಿಟ್ಟು ಬಂತು. ಯಾರ ಮೇಲೆ ಅಂತ ಬರೆಯುವುದಿಲ್ಲ.

22 ಜನವರಿ

ಪತ್ರ ವಾಪಸ್ ತೆಗೆದುಕೊಂಡೆ. ಕುಣಿಯಲಾರದವಳಿಗೆ ನೆಲ ಡೊಂಕು. ಕುಣಿಯಲಾರದವನು ನಾನೇ.

ಫೆಬ್ರವರಿ ಮೂರಕ್ಕೆ ಸ್ವಪ್ನಾಲಿಗೆ ಕೊನೆಯ ಅವಕಾಶ. ಇನ್ನು ಮೇಲೆ ಕೇಳಬೇಡ, ಹೇಳು — ಅಂದಿದ್ದೇನೆ. ಇಂದು ಎರಡು ಆಪರೇಷನ್. ತುಟಿ ಕಚ್ಚಿ ನಿಂತೆ. ಬ್ಲೇಡ್ ಹಿಡಿದು ಎರಡು ನಿಮಿಷ ನನ್ನ ಮುಖವನ್ನೇ ನೋಡಿದಳು. ನಾನು ಗೋಡೆ ನೋಡಿದೆ. ಗಂಟಲು ಕೆರೆಯಿತು. ಕೆಮ್ಮಿದೆ. ಕೆಮ್ಮಿದ ತಕ್ಷಣ ಕೊಯ್ದಳು! ಸರ್‌ಗೆ ಗಂಟಲು ಕೆಟ್ಟಿದೆಯೇನು ಅಂತ ಅಂಬುಬಾಯಿ.

ಮೂರು ವರ್ಷ ಕಲಿಸಿದ್ದನ್ನು ಹನ್ನೆರಡು ದಿನದಲ್ಲಿ ಮರೆಸಬೇಕು. ಆಗುವ ಮಾತೇ?

30 ಜನವರಿ, ಗುರುವಾರ, 11:40

ಕಾರಿನಲ್ಲಿ. ಗುರುವಾರ ನಿಲಂಗಾದಲ್ಲಿ ಹೊರರೋಗಿಗಳನ್ನು ನೋಡುವ ನನ್ನ ಓಪಿಡಿ. ಅರ್ಧಕ್ಕೆ ಬಿಟ್ಟು ಹೊರಟೆ. ಸ್ವಪ್ನಾಲಿ ಫೋನ್ ಮಾಡಿದಳು. ದಾಳಿಂಬದ ರೈತ ಕಲ್ಯಾಣಪ್ಪ, ಅರವತ್ತು ವರ್ಷ. ಎತ್ತು ಎಡಪಕ್ಕೆಗೆ ಒದ್ದಿದೆ. ಒಳಗೆ ರಕ್ತ ಸೋರುತ್ತಿದೆ. ಬಿಪಿ ಸದ್ಯಕ್ಕೆ ಇಳಿದಿಲ್ಲ. ಸೋಲಾಪುರದ ದೊಡ್ಡ ಆಸ್ಪತ್ರೆ ಮುಟ್ಟುವ ಸ್ಥಿತಿಯಲ್ಲಿಲ್ಲ. ಅರಿವಳಿಕೆಯವರು ಇದ್ದಾರೆ, ಸರ್ಜನ್ ನಾನೊಬ್ಬನೇ.

ಎಲ್ಲ ಸರಿಯಾಗಿ ಹೇಳಿದಳು. ಈಗ ನನ್ನ ಹ್ಞೂಂಗೆ ಕಾಯುತ್ತಿದ್ದಾಳೆ ಅಂತ ಗೊತ್ತಾಯಿತು. “ನಾ ದಾರ್ಯಾಗ ಇದ್ದೀನಿ. ಹೊತ್ತು ಬಂದಾಗ ಕೇಳಬ್ಯಾಡ, ಹೇಳು,” ಎಂದೆ.

ಈಗ ನೋಡಿದರೆ ರಸ್ತೆಗೆ ಅಡ್ಡಲಾಗಿ ಕಬ್ಬಿನ ಟ್ರಾಲಿ ಮಗುಚಿದೆ. ಕಾರು ಇಪ್ಪತ್ತು ನಿಮಿಷದಿಂದ ನಿಂತಲ್ಲೇ ನಿಂತಿದೆ. ಜನ ಕಬ್ಬು ತಿನ್ನುತ್ತ ನಿಂತಿದ್ದಾರೆ, ಸರಿಸುವವನು ಒಬ್ಬನಿಲ್ಲ! ಡ್ರೈವರ್ ಭೀಮಾಶಂಕರ ಇಳಿದು ಜಗಳಕ್ಕೆ ಹೋಗಿದ್ದಾನೆ. ಕೈ ಸುಮ್ಮನಿರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇದು ಗೇಮ್ ಅಲ್ಲ. ಕಲ್ಯಾಣಪ್ಪ ಎರಡನೇ ಸಲ ಬರುವುದಿಲ್ಲ. ಹೆದರಿಕೆ ಆಗುತ್ತಿದೆ.

12:09

ಫೋನ್ ಬಂತು. ಬಿಪಿ ಇಳಿಯುತ್ತಿದೆ ಎಂದಳು. ಎರಡು ಬಾಟಲಿ ರಕ್ತ ಬಂದಿದೆ, ಲಿಂಗ ಬಿಚ್ಚಿ ಮಗನ ಕೈಗೆ ಕೊಟ್ಟಾಗಿದೆ, ಟೇಬಲ್ ಮೇಲೆ ಮಲಗಿಸಿದೆ ಎಂದಳು. ಇನ್ನು ಬಾಕಿ ನನ್ನ ಹ್ಞೂಂ ಒಂದೇ. ಐದು ಎಣಿಸುತ್ತೇನೆ, ಆಮೇಲೆ ತೆರೆ ಅಂದುಬಿಡುತ್ತೇನೆ ಎಂದುಕೊಂಡೆ. ಒಂದು. ಎರಡು. ಮೂರು.

“ಸರ್, ನಾ ಹೊಟ್ಟಿ ತೆರಿಲಿಕತ್ತೀನಿ.”

ನಾನು ಹ್ಞೂಂ ಅಂದೆ. ಅಷ್ಟರಲ್ಲಿ ಆಕೆ ಫೋನ್ ಇಟ್ಟಾಗಿತ್ತು.

ಭೀಮಾಶಂಕರ ಓಡಿ ಬರುತ್ತಿದ್ದಾನೆ, ದಾರಿ ಬಿಟ್ಟರು ಅಂತ ಕಾಣ—