ವೆಲ್ಬಿ ಸಾಹೇಬನ ಸುದ್ದಿ

ಬಾಗಲಕೋಟೆ, ೧೨ ನವೆಂಬರ್ ೧೯೫೪, ಶುಕ್ರವಾರ

ಕೊನೆಯ ಅಧ್ಯಾಯವನ್ನು ಮೌಶಿಯ ಊಟವಾದ ಮೇಲೆ ಓದಬೇಕಿತ್ತು. ತಪ್ಪು ನನ್ನದೇ. ಅವ್ವನ ಈ ತಂಗಿಗೆ ತಿಂಗಳಿಂದ ದಿನಾ ಸಂಜೆ ಒಂದು ಇಂಗ್ಲಿಷ್ ಪುಸ್ತಕವನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಹಾಯಿಹಡಗಿನ ಕಾಲದ ವೆಲ್ಬಿ ಸಾಹೇಬನ ಕಥೆ. ಹನ್ನೆರಡಕ್ಕೆ ಹಡಗು ಹತ್ತಿದವನು, ಮೂವತ್ತಕ್ಕೆ ಕಪ್ತಾನನಾದವನು, ಹಿಂದೆ ಮುಂದೆ ಯಾರೂ ಇಲ್ಲದವನು. ಘಟಪ್ರಭೆ ಬಿಟ್ಟು ಬೇರೆ ನೀರು ಕಾಣದ ಮೌಶಿ, ಅವನ ಹಡಗು ಬಿರುಗಾಳಿಗೆ ಸಿಕ್ಕ ದಿನ ಊಟವನ್ನೇ ಬಿಟ್ಟಿದ್ದಳು.

ಇವತ್ತು ಅವನು ಹಡಗಿನಲ್ಲೇ ತೀರಿಕೊಂಡ. ಮೌಶಿ ಎದ್ದು ಬಾವಿಕಟ್ಟೆಗೆ ಹೋಗಿ, ಉಟ್ಟ ಸೀರೆಯಲ್ಲೇ ತಣ್ಣೀರು ಸುರಿದುಕೊಂಡಳು. ಬಳಗದವರ ಸಾವಿನ ಸುದ್ದಿ ಕೇಳಿದಾಗ ಮಾಡುವ ಸ್ನಾನ!

"ಮೌಶಿ, ಅಂವ ಸತ್ತು ನೂರೈವತ್ತು ವರ್ಷಾತು!"

"ಆಗವಲ್ದ್ಯಾಕ. ನಮಗ ತಿಳದದ್ದು ಇವತ್ತಲ್ಲೋ. ನೀನೂ ಬಾ."

ನಾನೂ ಎರಡು ಕೊಡ ಸುರಿದುಕೊಂಡೆ. ಹಲ್ಲು ಇನ್ನೂ ಕಟಕಟ ಅನ್ನುತ್ತಿವೆ. ಇರಲಿ, ಆ ಒಂಟಿ ಸಾಹೇಬನಿಗೂ ಬಾಗಲಕೋಟೆಯಲ್ಲಿ ಇಬ್ಬರು ನೆಂಟರು...